ಕಡತಗಳ ಗೂಢಲಿಪಿ ರಕ್ಷಣೆ: ದೋಷಸಂಕೇತಗಳಲ್ಲಿ ಏಕರೂಪತೆಯ ಅಗತ್ಯ

ಬ್ಯಾಂಕು ಚೆಕ್ಕನ್ನು ಹಿಂತಿರುಗಿಸುವಾಗ ಕಾರಣವನ್ನು ನಮೂದಿಸಿದ ಮೆಮೊವನ್ನು ಲಗತ್ತಿಸುತ್ತದೆ. 'ಹಣ ಸಾಲದು' ಎಂದಿದ್ದರೆ ವರ್ತಕರು ಕೈಗೊಳ್ಳುವ ಕ್ರಮ ಒಂದು. 'ಸಹಿ ತಾಳೆಯಾಗುತ್ತಿಲ್ಲ' ಎಂದಿದ್ದರೆ ಮತ್ತೊಂದು. ಒಂದೇ ಕಾರಣಕ್ಕೆ ಶಾಖೆಗೊಂದು ಸಂಕೇತ ಬಳಕೆಯಾದರೆ ಗೊಂದಲ ತಪ್ಪದು. ಗಣಕಯಂತ್ರದ ತಂತ್ರಾಂಶಕ್ಕೂ ಈ ಮಾತು ಅನ್ವಯಿಸುತ್ತದೆ.

ಸಂಕೇತಗಳ ಪದ್ಧತಿ

ಲಿನಕ್ಸ್ ಕರ್ನೆಲ್‌ನಲ್ಲಿ ಸಾಮಾನ್ಯವಾಗಿ ಕೆಲಸ ಯಶಸ್ವಿಯಾದರೆ 0, ವಿಫಲವಾದರೆ ಕಾರಣವನ್ನು ಸೂಚಿಸುವ ಋಣಸಂಖ್ಯೆ ಹಿಂತಿರುಗುತ್ತದೆ. ಕಡತಗಳನ್ನು ಗೂಢಲಿಪಿಯಲ್ಲಿಡುವ ಸೌಲಭ್ಯವು 2015ರಲ್ಲಿ ಎಕ್ಸ್‌ಟಿ4 ಕಡತವ್ಯವಸ್ಥೆಗೆ ಸೇರಿತು. 2016ರಲ್ಲಿ ಅದು ಎಕ್ಸ್‌ಟಿ4 ಮತ್ತು ಎಫ್2ಎಫ್‌ಎಸ್ ಎರಡಕ್ಕೂ ಸಾಮಾನ್ಯವಾದ 'ಎಫ್‌ಎಸ್‌ಕ್ರಿಪ್ಟ್' ಭಾಗವಾಯಿತು. ಆಂಡ್ರಾಯ್ಡ್ ಫೋನುಗಳ ಕಡತ ರಕ್ಷಣೆಗೂ ಇದೇ ಆಧಾರ.

ಎರಡು ತಿದ್ದುಪಡಿಗಳು

ಕೀಲಿಯನ್ನು ಒದಗಿಸದೆ ರಕ್ಷಿತ ಕೋಶದಲ್ಲಿ ಹೊಸ ಕಡತ ರಚಿಸಲು ಹೊರಟರೆ ಮೊದಲು 'ಕಡತವಿಲ್ಲ', 'ಪ್ರವೇಶವಿಲ್ಲ', 'ಅನುಮತಿಯಿಲ್ಲ' ಎಂಬ ಮೂರು ಬಗೆಯ ಸಂಕೇತಗಳು ಬರುತ್ತಿದ್ದವು. ಬೇರೆ ಬೇರೆ ಕಡತವ್ಯವಸ್ಥೆಗಳ ನಡುವೆಯಷ್ಟೇ ಅಲ್ಲ, ಒಂದೇ ವ್ಯವಸ್ಥೆಯೊಳಗೂ ಹೊಂದಾಣಿಕೆಯಿರಲಿಲ್ಲ. 2016ರ ಕೊನೆಯಲ್ಲಿ ಸಿದ್ಧವಾದ ತಿದ್ದುಪಡಿಯು ಇವೆಲ್ಲಕ್ಕೂ 'ಇನೋಕೀ', ಅಂದರೆ 'ಕೀಲಿ ಇಲ್ಲ' ಎಂಬ ಒಂದೇ ಸಂಕೇತವನ್ನು ನಿಗದಿಪಡಿಸಿತು. ರಕ್ಷಿತ ಕಡತವನ್ನು ಕೀಲಿಯಿಲ್ಲದೆ ತೆರೆಯಹೋದಾಗ ಬರುವ ಸಂಕೇತವೂ ಇದೇ ಆಗಿತ್ತು. ಅನುಮತಿಯ ಕೊರತೆಗೂ ಕೀಲಿಯ ಕೊರತೆಗೂ ಪರಿಹಾರ ಬೇರೆಯಾದುದರಿಂದ ಈ ಭೇದವು ಮುಖ್ಯ.

ಎರಡನೆಯದು 2019ರದು. ರಕ್ಷಣೆಯಿಲ್ಲದ ಕಡತವನ್ನು ರಕ್ಷಿತ ಕೋಶಕ್ಕೆ ಸ್ಥಳಾಂತರಿಸಲು ಹೊರಟರೆ ಅದುವರೆಗೆ 'ಅನುಮತಿಯಿಲ್ಲ' ಎಂಬ ಉತ್ತರ ಬಂದು ಕೆಲಸ ನಿಲ್ಲುತ್ತಿತ್ತು. ಈಗ 'ಎಕ್ಸ್‌ಡೆವ್' ಸಂಕೇತ ಬರುತ್ತದೆ. ಬೇರೆ ಡಿಸ್ಕಿಗೆ ಸಾಗಿಸುವಾಗಲೂ ಇದೇ ಸಂಕೇತ ಬರುವುದರಿಂದ, 'ಎಂವಿ' ಆಜ್ಞೆಯು ತಾನಾಗಿಯೇ ನಕಲು ಮಾಡಿ ಮೂಲವನ್ನು ಅಳಿಸುತ್ತದೆ. ಆದರೆ ಅಳಿಸಿದ ಮೂಲದ ಮಾಹಿತಿಯು ಡಿಸ್ಕಿನ ಖಾಲಿ ಜಾಗದಲ್ಲಿ ಉಳಿದಿರಬಹುದೆಂಬುದನ್ನು ಮರೆಯಬಾರದು.

ವರ್ತಕರು ಗಮನಿಸಬೇಕಾದ ಅಂಶಗಳು

1. ಲೆಕ್ಕಪತ್ರಗಳ ಕಡತಗಳನ್ನು ಆರಂಭದಿಂದಲೇ ರಕ್ಷಿತ ಕೋಶದಲ್ಲಿರಿಸಬೇಕು. ನಂತರ ಸ್ಥಳಾಂತರಿಸುವುದು ಪೂರ್ಣ ರಕ್ಷಣೆಯಲ್ಲ.

2. ಕೀಲಿಯಿಲ್ಲದಿದ್ದರೂ ಕಡತಗಳ ಪಟ್ಟಿ ಸಂಕೇತರೂಪದ ಹೆಸರುಗಳಲ್ಲಿ ಕಾಣುತ್ತದೆ, ಆದರೆ ಒಳಗಿನ ಮಾಹಿತಿ ದೊರೆಯದು. ಆದ್ದರಿಂದ ಬ್ಯಾಕಪ್ ತಂತ್ರಾಂಶವು ಪ್ರತಿ ಕಡತದ ಉತ್ತರಸಂಕೇತವನ್ನು ಪರಿಶೀಲಿಸಬೇಕು. 'ಕೀಲಿ ಇಲ್ಲ' ಎಂದು ಬಂದರೆ 'ಯಶಸ್ವಿ' ಎಂದು ವರದಿ ಮಾಡಕೂಡದು.

3. ತಂತ್ರಾಂಶ ಸಿದ್ಧಪಡಿಸಿಕೊಡುವವರಿಂದ ದೋಷಸಂಕೇತಗಳ ಪಟ್ಟಿಯನ್ನೂ ಪ್ರತಿಯೊಂದರ ಅರ್ಥವನ್ನೂ ಲಿಖಿತವಾಗಿ ಪಡೆಯಬೇಕು.

4. ಕೀಲಿ ಅಥವಾ ಗುಪ್ತಪದದ ಒಂದು ಪ್ರತಿಯನ್ನು ಬೇರೆಡೆ ಭದ್ರವಾಗಿಡಬೇಕು. ಅದು ಕಳೆದುಹೋದರೆ ಲೆಕ್ಕವೂ ಹೋದಂತೆಯೇ.