ಜಾತಿಯನ್ನು ನಗೆಪಾಟಲು ಮಾಡಲು ಏಳು ಸೂತ್ರಗಳು

ಸೋಗಾನೆ, ಶಿವಮೊಗ್ಗ, ಭದ್ರಾವತಿ ಕಡೆ ಕಾಲೇಜು ಡೇಗೆ ಪ್ರಹಸನ ಬರೆಯುವ, ರೀಲ್ಸ್ ಮಾಡುವ ಹುಡುಗ ಹುಡುಗಿಯರಿಗೆ:

1. ದಲಿತ ಕೇರಿಯವರ ಮಾತಿನ ಧಾಟಿ ಅಣಕಿಸಬೇಡಿ. ಅದು ಸೋಮಾರಿಗಳ ಹಾಸ್ಯ.

2. ಭಾಷಣ ಬಿಡಿ, ಲೋಟ ತೋರಿಸಿ. ಮನೆಯ ಜಗುಲಿ. ಬಂದವರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ, ತೋಟದ ಆಳಿಗೆ ಮಾತ್ರ ಪೇಪರ್ ಕಪ್ಪು. "ಎಲ್ಲಾ ಹೈಜೀನ್‌ಗೆ ಕಣಪ್ಪ" ಅಂತಾರೆ ಯಜಮಾನರು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಅದೇ ಯಜಮಾನರು ನೀಲಿ ಶಾಲು ಹೊದ್ದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಡಿ ಸಾಕು.

3. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಿ. ಶುರುವಿನಲ್ಲೇ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುವ ದೃಶ್ಯ. ಅವರಲ್ಲೊಬ್ಬರು ಲೇಖಕರ ಅಪ್ಪ. ಇಷ್ಟಾದರೂ ಪುಸ್ತಕ ಗೋಳಾಡುವುದಿಲ್ಲ, ನಗಿಸುತ್ತಲೇ ಹೋಗುತ್ತದೆ. ನಕ್ಕವನಿಗೆ ಆಮೇಲೆ ನಾಚಿಕೆಯಾಗುತ್ತದೆ. ಈ ವಿದ್ಯೆ ಕಲಿಯಲು ಇದಕ್ಕಿಂತ ಒಳ್ಳೆ ಪಠ್ಯ ನನಗೆ ಕಂಡಿಲ್ಲ.

4. ಉದ್ಧಾರಕರನ್ನು ಬಿಡಲೇಬೇಡಿ. 2017ರಲ್ಲಿ ಚಿತ್ರದುರ್ಗದ ದಲಿತರ ಮನೆಯೊಂದರಲ್ಲಿ ದೊಡ್ಡ ನಾಯಕರೊಬ್ಬರು ತಿಂದ ಇಡ್ಲಿ ಹೋಟೆಲಿನಿಂದ ಬಂದದ್ದೆಂಬ ಆರೋಪ ಎದ್ದು ದೊಡ್ಡ ಸುದ್ದಿಯಾಗಿತ್ತು. ನಿಮ್ಮ ಪ್ರಹಸನದಲ್ಲಿ ಇಡ್ಲಿಗಿಂತ ಮೊದಲು ಕ್ಯಾಮೆರಾ ಬರಲಿ. ಕೈತೊಳೆಯಲು ನೀರು ಕೊಡುತ್ತಾ ಮನೆಯಾಕೆ, "ನಾಳೆ ನಿಮ್ಮನೆಗೆ ನಾವು ಬರಬಹುದಾ ಸ್ವಾಮೀ?" ಅಂತ ಕೇಳಲಿ. ಮುಂದಿನದನ್ನು ನಾಯಕನ ಮುಖವೇ ಆಡುತ್ತದೆ.

5. ಪ್ರಗತಿಪರರಿಗೂ ರಿಯಾಯಿತಿ ಇಲ್ಲ. ಕೊನಗವಳ್ಳಿಯ ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದ ಪತ್ರಿಕೆ ಶುರು ಮಾಡಿ, ಮಂತ್ರಿಗಳ ಜೊತೆ ಸಾಹಿತಿಗಳನ್ನೂ ಕುಟುಕಿದವರು. ನೀವೂ ಹಾಗೇ ಕುಟುಕಿ: ವಿಚಾರ ಸಂಕಿರಣದಲ್ಲಿ ಸಮಾನತೆ ಸಾರಿ, ಮಗಳಿಗೆ ಒಳಪಂಗಡ ನೋಡಿ ವರ ಹುಡುಕುವ ಮೇಷ್ಟ್ರು ಊರಿಗೊಬ್ಬರಾದರೂ ಸಿಗುತ್ತಾರೆ.

6. ದೊಡ್ಡವರ ಹೆಸರಿಟ್ಟು ಕೈತೊಳೆದುಕೊಳ್ಳುವವರನ್ನು ಹಿಡಿಯಿರಿ. ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಕುವೆಂಪು ಹೆಸರಿನಲ್ಲಿ ಉದ್ಘಾಟನೆಯಾಯಿತು. 1928ರ 'ಜಲಗಾರ' ನಾಟಕದಲ್ಲಿ ಶಿವನನ್ನೇ ಜಾಡಮಾಲಿಯಾಗಿಸಿದ ಕವಿ ಅವರು. ಈಗ ದೃಶ್ಯ: ಅದೇ ನಿಲ್ದಾಣದಲ್ಲಿ ಸೂಟ್‌ಕೇಸ್ ಉರುಳಿಸುತ್ತಾ ಬರುವ ಸಾಹಿತ್ಯಾಭಿಮಾನಿ ಫೋನಿನಲ್ಲಿ ಆ ನಾಟಕವನ್ನು ಕೊಂಡಾಡುತ್ತಾ, ನೆಲ ಒರೆಸುವಾಕೆಗೆ "ಏಯ್, ಆಚೆ ಸರಿ" ಅನ್ನುತ್ತಾನೆ.

7. ಮೊದಲ ಪ್ರದರ್ಶನ ಕೇರಿಯಲ್ಲೇ ಆಗಲಿ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಕನ್ನಡ ಪಾಠ ಹೇಳಿದ ಊರು ಭದ್ರಾವತಿ. ಸೋಗು ಯಾವುದು, ಕಾಳಜಿ ಯಾವುದು ಅಂತ ಅಲ್ಲಿನ ಕೇರಿಯವರಿಗೆ ಬೇಗ ಗೊತ್ತಾಗುತ್ತದೆ. ಅವರು ನಗದಿದ್ದರೆ ಸ್ಕ್ರಿಪ್ಟ್ ಹರಿದುಹಾಕಿ. ಮುಂದಿನ ಸಲ ಬರವಣಿಗೆ, ಮೈಕು, ಸಂಭಾವನೆ ಮೂರನ್ನೂ ಅವರಿಗೇ ಕೊಟ್ಟು, ನೀವು ಪರದೆ ಎಳೆಯಿರಿ.