ಬೀಗವನ್ನೇ ಪರೀಕ್ಷಿಸುವ ಬಗೆ
ಜಾಲತಾಣದ ಲಾಗಿನ್ ರಕ್ಷಣೆ: ಬೆಳೆಗಾರರಿಗೊಂದು ಪಾಠ

ಬೋರ್ಡೋ ದ್ರಾವಣ ತಯಾರಾದ ಕೂಡಲೇ ಅದನ್ನು ಅಡಿಕೆ ಗೊನೆಗೆ ಹೊಡೆಯಲು ತಿಳಿದವರು ಹೊರಡುವುದಿಲ್ಲ. ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರು ಸೇರಿಸುತ್ತಾರೆ. ಮೈಲುತುತ್ತದ ಚೀಲದ ಮೇಲೆ ಏನೇ ಅಚ್ಚಾಗಿರಲಿ, ಈ ಪರೀಕ್ಷೆ ತಪ್ಪಬಾರದು. ಜಾಲತಾಣಕ್ಕೆ ಹಾಕುವ ಬೀಗಕ್ಕೂ ಇದೇ ಮಾತು ಸಲ್ಲುತ್ತದೆ.

ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿಗಳನ್ನು ಸ್ವಂತ ಜಾಲತಾಣದ ಮೂಲಕ ಮಾರುವ ಬೆಳೆಗಾರರೂ ಸಂಘಗಳೂ ಈಗ ಇವೆ. ಪ್ರಪಂಚದ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಿಂತಿವೆ. ಗಿರಾಕಿಗಳ ವಿಳಾಸ, ಫೋನ್ ನಂಬರು, ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆಯ ವಿವರ, ಎಲ್ಲವೂ ಒಂದು ಪಾಸ್‌ವರ್ಡಿನ ಹಿಂದೆ ಇರುತ್ತವೆ. ಕಳ್ಳನು ಮೇಲ್ವಿಚಾರಕನಾಗಿ ಒಳಹೊಕ್ಕು ಖಾತೆಯ ಸಂಖ್ಯೆಯೊಂದನ್ನು ಬದಲಿಸಿದರೆ ಸಾಕು, ವರ್ಷದ ಮೆಣಸಿನ ಹಣ ಬೇರೆಯವರ ಪಾಲಾಗುತ್ತದೆ.

ಬೀಗದ ಕೆಲಸವೇನು?

ವರ್ಡ್‌ಪ್ರೆಸ್ ತಾನಾಗಿ ಎಷ್ಟು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೂ ತಡೆಯುವುದಿಲ್ಲ. ಕಳ್ಳನ ಯಂತ್ರವು ಹಗಲು ರಾತ್ರಿ ಒಂದಾದ ಮೇಲೊಂದು ಪದವನ್ನು ಹಾಕಿ ನೋಡುತ್ತಲೇ ಇರಬಹುದು. ಇದನ್ನು ತಡೆಯಲು ಸೇರಿಸುವ ಉಪತಂತ್ರಾಂಶಕ್ಕೆ ಪ್ಲಗಿನ್ ಎನ್ನುತ್ತಾರೆ. ಉದಾಹರಣೆಗೆ, ಲಿಮಿಟ್ ಲಾಗಿನ್ ಅಟೆಂಪ್ಟ್ಸ್ ಎಂಬ ಪ್ಲಗಿನ್ ಒಂದೇ ವಿಳಾಸದಿಂದ 4 ಸಲ ತಪ್ಪಾದರೆ 20 ನಿಮಿಷ ಬಾಗಿಲು ಮುಚ್ಚುವಂತೆ ರಚಿತವಾಗಿತ್ತು. ಇಲ್ಲಿ ವಿಳಾಸವೆಂದರೆ ಅಂತರ್ಜಾಲದಲ್ಲಿ ಬಂದವನ ಐಪಿ ಸಂಖ್ಯೆ.

ಬೀಗವೇ ಕಿಂಡಿಯಾದಾಗ

ಈ ಪ್ಲಗಿನ್ನಿನಲ್ಲೇ 2023ರಲ್ಲಿ ದೋಷವೊಂದು ಹೊರಬಿತ್ತು. ಆಗ ಅದು 6 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ತಡೆಹಿಡಿದವರ ವಿಳಾಸವನ್ನು ಅದು ದಾಖಲೆಯಲ್ಲಿ ಬರೆದಿಡುತ್ತಿತ್ತು. ಆದರೆ ಬರೆದದ್ದು ನಿಜವಾಗಿ ವಿಳಾಸವೇ ಎಂದು ಸರಿಯಾಗಿ ನೋಡುತ್ತಿರಲಿಲ್ಲ. ಕಳ್ಳನು ವಿಳಾಸದ ಜಾಗದಲ್ಲಿ ಆಜ್ಞೆಯೊಂದನ್ನು ತುರುಕಿದರೆ, ಮೇಲ್ವಿಚಾರಕನು ದಾಖಲೆ ತೆರೆದಾಗ ಅವನ ಅಧಿಕಾರದಲ್ಲೇ ಆ ಆಜ್ಞೆ ನಡೆದುಬಿಡುವ ಅವಕಾಶವಿತ್ತು. 1.7.2ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು.

2024ರ ನವೆಂಬರಿನಲ್ಲಿ ಇದಕ್ಕಿಂತ ದೊಡ್ಡದು ಬಯಲಾಯಿತು. 40 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ರಿಯಲಿ ಸಿಂಪಲ್ ಸೆಕ್ಯುರಿಟಿ ಎಂಬ ಪ್ಲಗಿನ್, ಪಾಸ್‌ವರ್ಡಿನ ಮೇಲೆ ಎರಡನೆಯ ತಪಾಸಣೆಯನ್ನೂ ಮಾಡುತ್ತಿತ್ತು. ತೋರಿಸಿದ ಚೀಟಿ ಸುಳ್ಳೆಂದು ಅದಕ್ಕೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ನಿಲ್ಲಿಸುವುದನ್ನು ಮಾತ್ರ ಮರೆತಿತ್ತು. ಹೀಗಾಗಿ ಪಾಸ್‌ವರ್ಡ್ ಇಲ್ಲದೆಯೇ ಮೇಲ್ವಿಚಾರಕನಾಗಿ ಒಳಹೋಗಬಹುದಿತ್ತು. ಅಪಾಯವಿದ್ದದ್ದು ಆ ಎರಡನೆಯ ತಪಾಸಣೆಯನ್ನು ಚಾಲೂ ಮಾಡಿಕೊಂಡವರಿಗೇ ಎಂಬುದು ಗಮನಿಸತಕ್ಕ ಸಂಗತಿ. 9.1.2ನೇ ಆವೃತ್ತಿ ಬಂದು ದೋಷ ನೀಗಿತು.

ಇದರಿಂದ ಬೀಗವೇ ಬೇಡವೆಂದು ತಿಳಿಯಬಾರದು. ಒಮ್ಮೆ ಹಾಕಿ ಮರೆಯಬಾರದು ಎಂದಷ್ಟೇ ತಿಳಿಯಬೇಕು. ಕೊಳೆರೋಗಕ್ಕೆ ಮಳೆಗೆ ಮುಂಚೆ ಒಮ್ಮೆ ಹೊಡೆದರೆ ಮುಗಿಯಿತೇ? ಮಳೆಯ ನಡುವೆ ಮತ್ತೊಮ್ಮೆ ಹೊಡೆಯುವುದಿಲ್ಲವೇ?

ಪರೀಕ್ಷಿಸುವ ಕ್ರಮ

(1) ಪ್ಲಗಿನ್ನಿನ ಪುಟದಲ್ಲಿ ಕೊನೆಯ ತಿದ್ದುಪಡಿಯ ದಿನಾಂಕ ನೋಡಿರಿ. ವರ್ಷಗಟ್ಟಲೆ ತಿದ್ದುಪಡಿ ಕಾಣದ್ದನ್ನು ಬಿಡುವುದು ಲೇಸು. ಹಿಂದೆ ದೋಷ ಕಂಡಿತ್ತೆಂಬುದೇ ಅವಗುಣವಲ್ಲ. ಎಷ್ಟು ಬೇಗ ಸರಿಪಡಿಸಿದರು ಎಂಬುದು ಮುಖ್ಯ.

(2) ನಿಮ್ಮದೇ ತಾಣದಲ್ಲಿ, ಬೇರೆ ಫೋನಿನಿಂದ, ಬೇಕೆಂದೇ ಐದಾರು ಸಲ ತಪ್ಪು ಪಾಸ್‌ವರ್ಡ್ ಹಾಕಿರಿ. ಬಾಗಿಲು ಮುಚ್ಚಿತೇ? ದಾಖಲೆಗೆ ಬಂತೇ? ಪರರ ತಾಣದಲ್ಲಿ ಇದನ್ನು ಮಾಡಕೂಡದು.

(3) ಬಂದವನು ತಾನೇ ಹೇಳಿಕೊಂಡ ವಿಳಾಸವನ್ನು ಪ್ಲಗಿನ್ ನಂಬುತ್ತದೆಯೇ ಎಂದು ತಾಣ ಕಟ್ಟಿಕೊಟ್ಟವರನ್ನು ಕೇಳಿರಿ. ನಂಬುವುದಾದರೆ ಕಳ್ಳನು ಪ್ರತಿ ಸಲವೂ ಹೊಸ ವಿಳಾಸ ಹೇಳಿ ಎಣಿಕೆಯಿಂದ ತಪ್ಪಿಸಿಕೊಳ್ಳುವನು.

(4) ಹಿತ್ತಿಲ ಬಾಗಿಲನ್ನು ಮರೆಯಬೇಡಿರಿ. ವರ್ಡ್‌ಪ್ರೆಸ್ಸಿನಲ್ಲಿ ಎಕ್ಸ್ಎಂಎಲ್ಆರ್‌ಪಿಸಿ ಎಂಬ ಇನ್ನೊಂದು ದಾರಿಯಿಂದಲೂ ಪಾಸ್‌ವರ್ಡ್ ಪ್ರಯತ್ನಿಸಬಹುದು. ಅಲ್ಲಿಯೂ ಎಣಿಕೆ ನಡೆಯಬೇಕು, ಇಲ್ಲವೇ ಆ ದಾರಿ ಮುಚ್ಚಿರಬೇಕು.

(5) ನೀವೇ ಹೊರಗುಳಿದರೆ ಒಳಬರುವ ದಾರಿ ಯಾವುದೆಂದು ಮೊದಲೇ ಬರೆದಿಡಿರಿ. ತಾಣದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿರಿ.

ಎಣಿಸುವ ಬೀಗವು ಕದ್ದ ಪಾಸ್‌ವರ್ಡನ್ನು ತಡೆಯಲಾರದು. ಮೊದಲ ಸಲವೇ ಸರಿಯಾದದ್ದನ್ನು ಹಾಕಿದವನನ್ನು ಅದು ಯಜಮಾನನೆಂದೇ ತಿಳಿಯುತ್ತದೆ. ಆದುದರಿಂದ ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸಬೇಡಿರಿ, ಬಿಟ್ಟುಹೋದ ಗುಮಾಸ್ತರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ಅಭ್ಯಾಸ: ನಿಮ್ಮ ತಾಣದಲ್ಲಿ ಮೇಲ್ವಿಚಾರಕರು ಎಷ್ಟು ಮಂದಿ? ಪ್ಲಗಿನ್ ಯಾವುದು, ಎಷ್ಟನೆಯ ಆವೃತ್ತಿ? ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿಯದಿದ್ದರೆ ಇಂದೇ ವಿಚಾರಿಸಿರಿ.