ಮಾಡ್ಯುಲರ್ ಸಿಂಥಸೈಸರಿನ ವಿದ್ಯುತ್ ಪೂರೈಕೆ: ದೋಷ ಹುಡುಕುವ ಕ್ರಮ

ವಾದ್ಯವು ನುಡಿಯದಿದ್ದರೆ ನಾವು ಮೊದಲು ವಾದ್ಯವನ್ನೇ ಬೈಯುತ್ತೇವೆ. ಸಿಂಥಸೈಸರಿನ ವಿಷಯದಲ್ಲಿ ಈ ಬೈಗುಳು ಅನೇಕ ಸಲ ತಪ್ಪು ವಿಳಾಸಕ್ಕೆ ಹೋಗುತ್ತದೆ. ದೋಷವು ಅದಕ್ಕೆ ಅನ್ನ ಹಾಕುವ ವಿದ್ಯುತ್ ಪೂರೈಕೆಯಲ್ಲಿರುತ್ತದೆ.

ಬಿಡಿ ಬಿಡಿ ಮಾಡ್ಯೂಲುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿ, ವೈರುಗಳಿಂದ ಒಂದಕ್ಕೊಂದು ಬೆಸೆದು ನುಡಿಸುವ ವಾದ್ಯಕ್ಕೆ ಮಾಡ್ಯುಲರ್ ಸಿಂಥಸೈಸರ್ ಎಂದು ಹೆಸರು. ಒಂದು ಮಾಡ್ಯೂಲು ನಾದವನ್ನು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಅಮೆರಿಕದ ರಾಬರ್ಟ್ ಮೂಗ್ ಅವರು 1964ರಲ್ಲಿ ಇಂಥ ವಾದ್ಯವನ್ನು ರೂಪಿಸಿ ತೋರಿಸಿದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ವಾದ್ಯವೊಂದನ್ನು ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ಸ್ಥಾಪಿಸಿದರು. ಈಗ ಬಹಳವಾಗಿ ಬಳಕೆಯಲ್ಲಿರುವುದು ಜರ್ಮನಿಯ ಡೀಟರ್ ಡೋಪ್ಫರ್ ಅವರು 1990ರ ದಶಕದಲ್ಲಿ ರೂಢಿಗೆ ತಂದ ಯೂರೋರ‍್ಯಾಕ್ ಪದ್ಧತಿ. ಈ ಪಾಠವು ಅದಕ್ಕೆ ಸೇರಿದ್ದು.

ಈ ಪದ್ಧತಿಯಲ್ಲಿ ಮಾಡ್ಯೂಲುಗಳಿಗೆ +12 ವೋಲ್ಟ್, −12 ವೋಲ್ಟ್ ಹಾಗೂ ಇವೆರಡಕ್ಕೂ ಸಾಮಾನ್ಯವಾದ ಗ್ರೌಂಡ್ ಬೇಕು. ಕೆಲವಕ್ಕೆ +5 ವೋಲ್ಟ್ ಕೂಡ ಬೇಕಾಗುತ್ತದೆ. ಎಲ್ಲರಿಗೂ ಇರುವುದು ಒಂದೇ ಪೂರೈಕೆ. ಕೆಳಗಿನವರು ನಲ್ಲಿ ತಿರುಗಿಸಿದರೆ ಮೇಲಿನ ಮಹಡಿಯಲ್ಲಿ ನೀರು ಸಣ್ಣಗಾಗುವುದು ಚಾಳಿನಲ್ಲಿ ಬಾಳಿದ ನಮಗೆಲ್ಲ ಗೊತ್ತು. ಇಲ್ಲಿಯೂ ನ್ಯಾಯ ಅದೇ.

ಮೊದಲ ಎಚ್ಚರಿಕೆ

230 ವೋಲ್ಟಿನ ಭಾಗವನ್ನು ನಾವು ಮುಟ್ಟಬಾರದು. ಅದನ್ನು ಬಲ್ಲ ಮೆಕ್ಯಾನಿಕನಿಗೇ ಬಿಡಬೇಕು. ವಾದ್ಯ ಹೋದರೆ ಇನ್ನೊಂದು ತರಬಹುದು. ಮಿಕ್ಕ ಭಾಗದಲ್ಲಿಯೂ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕೆಲವು ನಿಮಿಷ ಕಾದ ಮೇಲೆಯೇ ಕೈಹಾಕಬೇಕು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಹುಡುಕುವ ಕ್ರಮ

1. ಎಲ್ಲ ಮಾಡ್ಯೂಲುಗಳ ಪಟ್ಟಿವೈರನ್ನೂ ಬಿಚ್ಚಿ, ಪೂರೈಕೆಯೊಂದನ್ನೇ ಚಾಲೂ ಮಾಡಿರಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗೆ, ಕೆಂಪು ಕಡ್ಡಿಯನ್ನು ಒಂದೊಂದು ಧಾರೆಗೆ ಹಿಡಿಯಿರಿ. ಎರಡು ಪಿನ್ನುಗಳಿಗೆ ಒಮ್ಮೆಗೇ ಕಡ್ಡಿ ತಾಗದಿರಲಿ. 11.75ರಿಂದ 12.25ರವರೆಗೆ ಬಂದರೆ ನೆಮ್ಮದಿ. ಒಂದು ಧಾರೆ ಇಲ್ಲವೇ ಇಲ್ಲವೆಂದರೆ ದೋಷವು ಪೂರೈಕೆಯಲ್ಲೇ ಇದೆ. ಮೊದಲು ಫ್ಯೂಸನ್ನು ನೋಡಿರಿ.

2. ಪೂರೈಕೆ ಸರಿಯಿದ್ದರೆ ಮಾಡ್ಯೂಲುಗಳನ್ನು ಒಂದೊಂದಾಗಿ ಸೇರಿಸಿರಿ. ಪ್ರತಿ ಸಲವೂ ಆರಿಸಿ, ಸೇರಿಸಿ, ಹೊತ್ತಿಸಿ, ಅಳೆಯಿರಿ. ಯಾವುದು ಸೇರಿದಾಗ ವೋಲ್ಟೇಜು ಕುಸಿಯಿತೋ ಅದರ ಮೇಲೆ ಸಂಶಯ. ಅದನ್ನು ಹೊರತೆಗೆದು, ಅದರ +12 ಪಿನ್ನಿಗೂ ಗ್ರೌಂಡಿಗೂ ನಡುವೆ ರೋಧವನ್ನು ಅಳೆಯಿರಿ, −12ಕ್ಕೂ ಹಾಗೆಯೇ. ಮೀಟರು ಬಿಡದೆ ಸೊನ್ನೆಯ ಹತ್ತಿರವೇ ನಿಂತರೆ ಒಳಗೆ ಶಾರ್ಟ್ ಆಗಿದೆ. ಸೊನ್ನೆಯಿಂದ ಮೆಲ್ಲಗೆ ಏರಿದರೆ ಕೆಪ್ಯಾಸಿಟರು ತುಂಬುತ್ತಿದೆ ಎಂದರ್ಥ, ಭಯವಿಲ್ಲ.

3. ಎಲ್ಲ ಮಾಡ್ಯೂಲುಗಳೂ ಒಳ್ಳೆಯವೇ, ಆದರೆ ಒಟ್ಟಿಗೆ ನಡೆಯವು ಎಂದಾದರೆ ಲೆಕ್ಕ ಹಾಕಿರಿ. ಪೂರೈಕೆಯು +12ರಲ್ಲಿ 1000 ಮಿಲಿಆಂಪಿಯರ್ ಕೊಡಬಲ್ಲದು ಎನ್ನೋಣ. 80ರ ನಾಲ್ಕು, 120ರ ಮೂರು, 250ರ ಒಂದು ಮಾಡ್ಯೂಲು ಇದ್ದರೆ ಒಟ್ಟು 930. ಕಾಗದದ ಮೇಲೆ ಸಾಲುತ್ತದೆ. ಆದರೆ ಸ್ವಿಚ್ ಹಾಕಿದ ಕ್ಷಣದಲ್ಲಿ ಕೆಪ್ಯಾಸಿಟರುಗಳು ತುಂಬಿಕೊಳ್ಳಲು ಇದಕ್ಕಿಂತ ಹೆಚ್ಚು ಎಳೆಯುತ್ತವೆ. ಸಂಬಳವೆಲ್ಲ ಬಾಡಿಗೆ ರೇಷನ್ನಿಗೇ ಮುಗಿದರೆ ಮಗುವಿಗೆ ಜ್ವರ ಬಂದ ದಿನ ಕೈ ಬರಿದು. ಕಾಲುಭಾಗವನ್ನಾದರೂ ಉಳಿಸಬೇಕು. ಪ್ರತಿ ಧಾರೆಗೂ ಬೇರೆ ಬೇರೆ ಲೆಕ್ಕ ಮಾಡಬೇಕು.

4. ಅರ್ಧ ಗಂಟೆ ನಡೆದು ನಿಂತು, ತಣ್ಣಗಾದ ಮೇಲೆ ಮತ್ತೆ ನಡೆಯುವುದೇ? ರೆಗ್ಯುಲೇಟರು ಕಾದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿರಬಹುದು. ಸ್ವತಃ ಕಟ್ಟಿದ ಪೂರೈಕೆಯಾದರೆ ಒಂದು ವಿಷಯ ನೆನಪಿರಲಿ: 7812ರ ಲೋಹದ ಬೆನ್ನು ಗ್ರೌಂಡಿಗೆ ಸೇರಿದ್ದು, 7912ರ ಬೆನ್ನು ಒಳಬರುವ ಋಣ ವೋಲ್ಟೇಜಿಗೆ ಸೇರಿದ್ದು. ನಡುವೆ ಅಭ್ರಕದ ಹಾಳೆಯಿಲ್ಲದೆ ಎರಡನ್ನೂ ಒಂದೇ ತಗಡಿಗೆ ಬಿಗಿದರೆ ಶಾರ್ಟ್ ಖಂಡಿತ.

5. ಗುಂಯ್ ಎಂಬ ಸದ್ದು ಬಂದರೆ ಕಿವಿಗೊಡಿರಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದು. ರೆಕ್ಟಿಫೈಯರನ್ನು ದಾಟಿದಾಗ ಅದರ ಅಲೆ 100 ಆಗುತ್ತದೆ. 100ರ ಸದ್ದು ಸಾಮಾನ್ಯವಾಗಿ ಒಣಗಿದ ಕೆಪ್ಯಾಸಿಟರನ್ನೋ ಮಿತಿಮೀರಿದ ಭಾರವನ್ನೋ ಸೂಚಿಸುತ್ತದೆ. 50ರದಾದರೆ ಗ್ರೌಂಡ್ ಸಂಪರ್ಕವನ್ನೂ ಸಮೀಪದ ಟ್ರಾನ್ಸ್‌ಫಾರ್ಮರನ್ನೂ ನೋಡಬೇಕು.

6. ಶ್ರುತಿ ಅಲುಗಾಡುವುದು ಸೂಕ್ಷ್ಮ ದೋಷ. ಇಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್. ಹನ್ನೆರಡು ಸ್ವರಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 83 ಮಿಲಿವೋಲ್ಟ್. ಸಾಮಾನ್ಯ ಗ್ರೌಂಡ್ ವೈರಿನ ರೋಧ ಕೇವಲ 0.1 ಓಮ್ ಇದ್ದು, ಅದರಲ್ಲಿ 500 ಮಿಲಿಆಂಪಿಯರ್ ಹೆಚ್ಚಾಗಿ ಹರಿದರೆ 50 ಮಿಲಿವೋಲ್ಟ್ ವ್ಯತ್ಯಾಸ, ಅಂದರೆ ಅರ್ಧ ಸ್ವರಸ್ಥಾನಕ್ಕೂ ಹೆಚ್ಚು! ದಪ್ಪ ವೈರು, ಚಿಕ್ಕ ಉದ್ದ, ಬಿಗಿಯಾದ ಸಂಪರ್ಕ, ಇವೇ ಇದಕ್ಕೆ ಮದ್ದು.

ಕೆಂಪು ಗೆರೆಯ ಮಾತು

ಪಟ್ಟಿವೈರಿನ ಕೆಂಪು ಗೆರೆಯು −12 ವೋಲ್ಟಿನ ಕಡೆಗಿರುವುದು ವಾಡಿಕೆ. ಕೆಂಪು ಎಂದರೆ ಧನ ಎಂದು ಕಲಿತ ನಾವು ಒಮ್ಮೆ ಇಲ್ಲಿಯೇ ಮುಗ್ಗರಿಸಿದೆವು. ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗಣ್ಣಿನಲ್ಲಿ ವೈರನ್ನು ತಿರುವುಮುರುವಾಗಿ ಸಿಕ್ಕಿಸಿದೆವು. ಒಂದು ಸಣ್ಣ ಚಿಟಕ್, ಸುಟ್ಟ ವಾಸನೆ. ಎರಡು ತಿಂಗಳು ಕೂಡಿಟ್ಟ ಹಣದಿಂದ ಕೊಂಡದ್ದು ಒಂದು ಕ್ಷಣದಲ್ಲಿ ಹೋಯಿತು. ರಕ್ಷಣೆಯ ಡಯೋಡು ಇರುವ ಮಾಡ್ಯೂಲು ಇಂಥ ತಪ್ಪಿನಿಂದ ಬದುಕಬಹುದು; ನಮ್ಮದರಲ್ಲಿ ಅದಿರಲಿಲ್ಲ. ಆ ದಿನದಿಂದ ನಾವು ಗೆರೆಯನ್ನೊಮ್ಮೆ, ಮಾಡ್ಯೂಲಿನ ಮೇಲಿನ ಗುರುತನ್ನೊಮ್ಮೆ ನೋಡಿ, ಎರಡನ್ನೂ ಬಾಯಿಬಿಟ್ಟು ಹೇಳಿಕೊಂಡು ಸೇರಿಸುತ್ತೇವೆ. ದಣಿದ ದಿನ ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ.

ಅಳೆದ ಅಂಕೆಗಳನ್ನೆಲ್ಲ ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆದಿಡಿರಿ. ಮುಂದಿನ ಸಲ ದೋಷ ಬಂದಾಗ ಆ ಪುಟವೇ ಅರ್ಧ ಉತ್ತರ ಕೊಡುತ್ತದೆ.

ಅಭ್ಯಾಸ

(1) ಪೂರೈಕೆ 2000 ಮಿಲಿಆಂಪಿಯರ್. 90ರ ಆರು, 200ರ ನಾಲ್ಕು ಮಾಡ್ಯೂಲುಗಳಿವೆ. ಕಾಲುಭಾಗ ಉಳಿಯುತ್ತದೆಯೇ?
(2) ಗ್ರೌಂಡ್ ವೈರಿನ ರೋಧ 0.2 ಓಮ್, 250 ಮಿಲಿಆಂಪಿಯರ್ ಹೆಚ್ಚಿದರೆ ಶ್ರುತಿ ಎಷ್ಟು ಜಾರಬಹುದು?

ಉತ್ತರ: (1) ಒಟ್ಟು 1340, ಉಳಿಯುತ್ತದೆ. (2) 50 ಮಿಲಿವೋಲ್ಟ್. ಅರ್ಧ ಸ್ವರಸ್ಥಾನಕ್ಕೂ ಹೆಚ್ಚು.